ಉಪವಾಸದ ದಿನದ ಕೋಪ ಯಾರದು?

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ ಹಿರಿಯರಿರುವ ಮನೆಗಳಲ್ಲಿ ಒಂದು ಸಂಗತಿಯನ್ನು ಎಲ್ಲರೂ ಕಂಡಿರುತ್ತಾರೆ. ಬಾಯಿಬಿಟ್ಟು ಹೇಳುವವರು ಮಾತ್ರ ವಿರಳ. ಆ ದಿನ ಮಧ್ಯಾಹ್ನ ಸರಿದ ಮೇಲೆ ಮಕ್ಕಳು ಅಂಗಳದಲ್ಲಿ ಗದ್ದಲ ಮಾಡುವುದಿಲ್ಲ. ಸೊಸೆ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತಾಳೆ. "ಇಂದು ಅವರ ಉಪವಾಸ" ಎಂದು ಮನೆಯೊಡತಿ ಬಂದವರಿಗೆ ಬಾಗಿಲಲ್ಲೇ ತಿಳಿಸುತ್ತಾಳೆ. ಈ ಮಾತಿನಲ್ಲಿ ಗೌರವವೆಷ್ಟು, ಎಚ್ಚರಿಕೆಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕಷಾಯಗಳನ್ನು ತೆಳುವಾಗಿಸಲೆಂದು ಕೈಕೊಂಡ ವ್ರತದ ದಿನವೇ ಮನೆಮಂದಿ ವ್ರತಿಯ ಕೋಪಕ್ಕೆ ಅಂಜಿ ನಡೆಯಬೇಕಾದರೆ ಎಲ್ಲಿಯೋ ಏನೋ ತಪ್ಪಿದೆಯೆಂದೇ ಅರ್ಥ. ಆ ತಪ್ಪು ಹಸಿದ ದೇಹದ್ದೋ, ಅದರೊಳಗಿರುವ ಜೀವದ್ದೋ?

ಪ್ರಶ್ನೆ ಹಳೆಯದು. ಆದರೆ ಮಿದುಳು ಮತ್ತು ನಿರ್ನಾಳ ಗ್ರಂಥಿಗಳ ವಿಷಯದಲ್ಲಿ ಕಳೆದ ಸುಮಾರು ನೂರು ವರ್ಷಗಳಿಂದ ವಿಜ್ಞಾನವು ಕಂಡುಕೊಂಡಿರುವುದನ್ನು ಓದಿದವರಿಗೆ ಅದು ಹೊಸ ಮೊನೆಯೊಡನೆ ಚುಚ್ಚುತ್ತದೆ. ಭಯ, ಕೋಪ, ಮಮತೆ, ವಿಶ್ವಾಸ ಇವೆಲ್ಲದರ ಬೆನ್ನಿಗೆ ರಕ್ತದಲ್ಲಿಯೂ ಮಿದುಳಿನಲ್ಲಿಯೂ ಹರಿಯುವ ಕೆಲವು ದ್ರವ್ಯಗಳ ಏರಿಳಿತವಿದೆಯೆಂದು ಶರೀರಶಾಸ್ತ್ರಜ್ಞರು ಹೇಳುತ್ತಾರೆ. ಹಾರ್ಮೋನುಗಳೆಂದು ಅವುಗಳ ಹೆಸರು. ಹಾಗಾದರೆ ಸಿಡಿದವನು ನಾನೋ, ನನ್ನೊಳಗಿನ ಗ್ರಂಥಿಯೋ? ಇದನ್ನು ನಾನು ಪಂಡಿತನಾಗಿ ಬರೆಯುತ್ತಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಒಬ್ಬ ಶ್ರಾವಕನಾಗಿ, ಅದಕ್ಕಿಂತ ಹೆಚ್ಚಾಗಿ ಒಬ್ಬ ತಪ್ಪಿತಸ್ಥನಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ನಾಲ್ಕು ಎಕರೆ ಭೂಮಿ ಸಿಂಧನೂರು ತಾಲ್ಲೂಕಿನ ಜವಳಗೇರಾ ಸೀಮೆಯಲ್ಲಿದೆ. ಒಂದು ಕಾಲಕ್ಕೆ ಜೋಳ ಹತ್ತಿಗಳ ಎರೆಭೂಮಿಯಾಗಿದ್ದ ಈ ಪ್ರದೇಶ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಗದ್ದೆಯಾಯಿತು. ಜಲಾಶಯದಿಂದ ಹೊರಟು ರಾಯಚೂರಿನ ಕಡೆಗೆ ಸುಮಾರು 226 ಕಿಲೋಮೀಟರು ಹರಿಯುವ ಈ ಕಾಲುವೆಯ ಕೆಳಗೆ ಬದುಕುವವರ ಮನಸ್ಸು ಮಳೆಗಾಲದಲ್ಲಿ ಆಕಾಶವನ್ನು ನೋಡುವುದಕ್ಕಿಂತ ಹೆಚ್ಚಾಗಿ ಜಲಾಶಯದ ಮಟ್ಟವನ್ನು ನೋಡುತ್ತಿರುತ್ತದೆ. ಮೇಲ್ಭಾಗದವರಿಗೆ ನೀರು ಸಿಕ್ಕೀತು, ಕೊನೆಯ ಭಾಗದವರಿಗೆ ಸಿಕ್ಕದೆ ಹೋದೀತು. ರಾತ್ರಿಯೆಲ್ಲ ತೂಬಿನ ಬಳಿ ಕಂಬಳಿ ಹೊದ್ದು ಕುಳಿತು ಕಾಯುವುದು ಇಲ್ಲಿ ಹೊಸದಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು 105 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಜಲಾಶಯ ಆಗ ತುಂಬಿ ನಿಂತಿತ್ತು. ಹಗಲಿರುಳು ನೀರು ನದಿಗೆ ಹರಿದುಹೋಗುತ್ತಿದ್ದುದನ್ನು ದೂರದರ್ಶನದಲ್ಲಿ ನೋಡುತ್ತ ಕುಳಿತ ನಮಗೆ ಕೇಳಿಬರುತ್ತಿದ್ದುದು ಒಂದೇ ಮಾತು: ಗೇಟು ಕೂರಿಸಬೇಕಾದರೆ ಜಲಾಶಯವನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬೇಕು. ಗದ್ದೆಗಳಲ್ಲಿ ನಾಟಿ ನಡೆದಿತ್ತು. ವಾರದೊಳಗೆ ಎಂಜಿನಿಯರರು ಹರಿಯುವ ನೀರಿಗೇ ಅಡ್ಡಲಾಗಿ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ನೀರು ನಿಲ್ಲಿಸಿದರು. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಆದರೆ ಆ ವಾರದ ನಡುವೆ ಕುಳಿತವರಿಗೆ ಅದು ತಿಳಿದಿರಲಿಲ್ಲವಷ್ಟೆ.

ಆ ವಾರದಲ್ಲೇ ಶ್ರಾವಣ ಶುದ್ಧ ಅಷ್ಟಮಿ ಬಂದಿತು. ಸಪ್ತಮಿಯಂದು ಏಕಭುಕ್ತ ಮಾಡಿ, ಅಷ್ಟಮಿಯಂದು ಚತುರ್ವಿಧ ಆಹಾರವನ್ನೂ ತ್ಯಜಿಸಿದ್ದೆ, ನೀರೂ ಇಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ, ನಮ್ಮ ಗದ್ದೆಯನ್ನು ಹಲವು ವರ್ಷಗಳಿಂದ ನೋಡಿಕೊಂಡು ಬಂದಿರುವ ಆಳು ಬಂದ. ನಾಟಿಗೆ ಬಂದ ಹೆಣ್ಣಾಳುಗಳ ಕೂಲಿ ಬಾಕಿಯಿತ್ತು. ಅವರು ಆತನ ಮನೆಯ ಮುಂದೆ ಬಂದು ಕುಳಿತಿದ್ದರಂತೆ. ಪಡಸಾಲೆಯಲ್ಲಿ ನೆರೆಯವರಿಬ್ಬರು ಕುಳಿತಿದ್ದರು. ಅವರೆದುರಿಗೇ ನಾನು ಆತನ ಮೇಲೆ ಹರಿಹಾಯ್ದೆ. ನೀರೇ ಹೋಗುತ್ತಿರುವಾಗ ಕೂಲಿಯ ಮಾತೇ ಎಂದೆ. ಆಳುಗಳ ಲೆಕ್ಕ ಹೆಚ್ಚು ಬರೆಸಿದ್ದೀಯೆಂದೂ ಅಂದುಬಿಟ್ಟೆ. ಆ ಕೊನೆಯ ಮಾತಿಗೆ ಆಧಾರವೇ ಇರಲಿಲ್ಲ.

ಆತ ಸುಮ್ಮನೆ ನಿಂತ. ಹೆಗಲ ಮೇಲಿನ ಟವೆಲನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡ. "ಉಪಾಸ ಅದೀರಿ ಮಾಸ್ತರ್ರೀ. ನಾಳಿ ಪಾರಣಿ ಆದ ಮ್ಯಾಲ ಬರ್ತೀನ್ರಿ" ಎಂದು ಹೊರಟುಹೋದ. ಅನಂತರ ಮನೆಯವಳು ಒಳಗಿನಿಂದ ಬಂದು ಮೆಲ್ಲನೆ ಹೇಳಿದಳು: "ಆತನೂ ಮುಂಜಾನೆಯಿಂದ ಏನೂ ತಿಂದಿಲ್ಲ, ಕಾಲುವೆಯ ಮೇಲೇ ಇದ್ದನಂತೆ. ರೊಟ್ಟಿ ಕೊಡೋಣವೆಂದು ಕರೆದರೆ ನಿಲ್ಲದೆ ಹೋದ."

ವಾಚಕರು ಗಮನಿಸಬೇಕು. ಈ ಲೇಖನದ ಪ್ರಶ್ನೆಗೆ ಆ ಆಳು ಅಂಗಳದಲ್ಲಿ ನಿಂತಲ್ಲೇ ಒಂದು ಉತ್ತರ ಕೊಟ್ಟಿದ್ದ. ಕೋಪ ನಿಮ್ಮದಲ್ಲ, ಉಪವಾಸದ್ದು ಎಂಬುದು ಆತನ ತೀರ್ಪು. ನಮ್ಮಿಂದ ಬಹಳ ದೂರವಿಲ್ಲದ ಮಸ್ಕಿಯಲ್ಲಿ, 1915ರಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನವುಂಟು. ಧರ್ಮದಲ್ಲಿ ತೊಡಗಿದರೆ ಸಾಮಾನ್ಯನಿಗೂ ಎತ್ತರದ ಫಲ ಸಾಧ್ಯ, ಅದು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು ಎಂಬುದು ಅದರ ಇಂಗಿತ. ವಿದ್ಯಾರ್ಥಿಗಳನ್ನು ಕರೆದೊಯ್ದು ಎಷ್ಟೋ ಸಲ ಅದನ್ನು ತೋರಿಸಿದ್ದೇನೆ. ಅಂದು ಕ್ಷಮೆಯ ಫಲ ಯಾರ ಪಾಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಆದರೆ ಆತ ಉದಾರವಾಗಿ ಕೊಟ್ಟ ಆ ವಿನಾಯಿತಿಯನ್ನು ನಾನು ತೆಗೆದುಕೊಳ್ಳಬಹುದೋ ಎಂಬುದು ಬೇರೆ ಮಾತು. ಅದನ್ನು ನಿರ್ಣಯಿಸಬೇಕಾದರೆ ಆ ಮಧ್ಯಾಹ್ನ ನನ್ನ ದೇಹದಲ್ಲಿ ನಡೆಯುತ್ತಿದ್ದುದೇನೆಂದು ಮೊದಲು ನೋಡಬೇಕು.

ಮಿದುಳಿನ ಬುಡದಲ್ಲಿ ಹೈಪೋಥಲಮಸ್ ಎಂಬ ಸಣ್ಣ ಭಾಗವಿದೆ. ಅದರಡಿಯಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ. ದೂರದಲ್ಲಿ, ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಅಡ್ರಿನಲ್ ಗ್ರಂಥಿಗಳು. ಆಪತ್ತು ಎದುರಾದಾಗ ನರಗಳ ಮೂಲಕ ಆಜ್ಞೆ ಹೋಗಿ ಕ್ಷಣಮಾತ್ರದಲ್ಲಿ ಅಡ್ರಿನಲಿನ್ ಹೊಮ್ಮುತ್ತದೆ: ಎದೆ ಬಡಿಯುತ್ತದೆ, ಅಂಗೈ ಬೆವರುತ್ತದೆ. ಕಾದಾಡು ಇಲ್ಲವೆ ಓಡಿಹೋಗು ಎಂಬುದಕ್ಕೆ ದೇಹದ ಸಿದ್ಧತೆಯಿದು ಎಂದು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ. ಎರಡನೆಯ ಆಜ್ಞೆ ನಿಧಾನದ್ದು. ಹೈಪೋಥಲಮಸ್ ಪಿಟ್ಯುಟರಿಗೆ, ಪಿಟ್ಯುಟರಿ ಅಡ್ರಿನಲ್‌ಗೆ, ಒಂದೊಂದು ಹಾರ್ಮೋನಿನ ಮೂಲಕ ಸುದ್ದಿ ಮುಟ್ಟಿಸಿದ ಮೇಲೆ ಕಾರ್ಟಿಸಾಲ್ ಎಂಬುದು ರಕ್ತಕ್ಕೆ ಸೇರುತ್ತದೆ. ಇದು ಏರಿ ತುದಿ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷಗಳಾದರೂ ಬೇಕು. ಸಕ್ಕರೆಯನ್ನು ರಕ್ತಕ್ಕೆ ಒದಗಿಸುವುದು, ಸದ್ಯಕ್ಕೆ ಬೇಡವಾದ ಕೆಲಸಗಳನ್ನು ತಡೆದಿಡುವುದು ಇದರ ಕೆಲಸ. ಸಾಕಷ್ಟು ಕಾರ್ಟಿಸಾಲ್ ಬಂದಿದೆಯೆಂದು ಮಿದುಳು ತಿಳಿದೊಡನೆ ಆಜ್ಞೆ ನಿಲ್ಲುತ್ತದೆ. ಮಡಿ ತುಂಬಿದೊಡನೆ ನೀರುಗಂಟಿ ತೂಬು ಮುಚ್ಚಿದಂತೆ. ಆದರೆ ಆತಂಕ ದಿನಗಟ್ಟಲೆ, ತಿಂಗಳುಗಟ್ಟಲೆ ನಿಂತರೆ ಈ ನೀರುಗಂಟಿಯೂ ದಣಿಯುತ್ತಾನೆ. ತೂಬು ಸರಿಯಾಗಿ ಮುಚ್ಚುವುದಿಲ್ಲ. ಮಾಂಟ್ರಿಯಲ್ ನಗರದ ಹಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ ಪುಟ್ಟ ಬರಹವೊಂದರಲ್ಲಿ, ಚಳಿಯಿರಲಿ ಗಾಯವಿರಲಿ ವಿಷವಿರಲಿ, ಬಗೆಬಗೆಯ ಪೀಡೆಗಳಿಗೆ ಇಲಿಗಳ ದೇಹ ಒಂದೇ ತೆರನಾಗಿ ಪ್ರತಿಕ್ರಿಯಿಸುವುದನ್ನು ತೋರಿಸಿದ: ಅಡ್ರಿನಲ್ ಊದಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಪಾಪದ ಇಲಿಗಳ ಆ ಪೀಡೆಯನ್ನು ನೆನೆಯದೆ ಈ ಜ್ಞಾನವನ್ನು ಉದ್ಧರಿಸುವುದು ನಮ್ಮಂಥವರಿಗೆ ಸಲ್ಲದು. ಅದನ್ನು ಹೇಳಿ ಮುಂದುವರಿಯುತ್ತೇನೆ.

ಇನ್ನು ಉಪವಾಸ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡರಷ್ಟು. ವಿಶ್ರಾಂತಿಯಲ್ಲಿ ಅದು ಉಪಯೋಗಿಸುವ ಶಕ್ತಿ ನೂರಕ್ಕೆ ಇಪ್ಪತ್ತರಷ್ಟು. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚುಕಡಿಮೆ ಒಂದು ದಿನಕ್ಕೆ ಸಾಕಾಗುತ್ತದೆ. ಅದು ಇಳಿಯುತ್ತ ಬಂದಂತೆ ರಕ್ತದ ಸಕ್ಕರೆಯನ್ನು ಕಾಪಾಡಲು ದೇಹ ಕರೆಯುವುದು ಬೇರೆ ಯಾರನ್ನೂ ಅಲ್ಲ, ಆಪತ್ತಿನಲ್ಲಿ ಕರೆಯುವ ಅದೇ ಅಡ್ರಿನಲಿನ್ ಕಾರ್ಟಿಸಾಲ್‌ಗಳನ್ನು. ವ್ರತವೆಂದು ದೇಹಕ್ಕೆ ತಿಳಿಯದು. ಅನ್ನವಿಲ್ಲವೆಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ನೀರನ್ನೂ ಬಿಟ್ಟಾಗ ಇನ್ನೊಂದು ಹಾರ್ಮೋನು ಏರುತ್ತದೆ: ವಾಸೋಪ್ರೆಸಿನ್. ಮೂತ್ರಪಿಂಡಗಳಲ್ಲಿ ನೀರನ್ನು ಉಳಿಸುವುದು ಅದರ ಕೆಲಸ. ಇದೇ ದ್ರವ್ಯ ಮಿದುಳಿನೊಳಗೆ ಬೇರೊಂದು ಪಾತ್ರ ವಹಿಸುತ್ತದೆ. ಕೆಲವು ಗಂಡು ಪ್ರಾಣಿಗಳಲ್ಲಿ ತನ್ನ ಎಲ್ಲೆಯನ್ನು ಕಾಯುವ, ಪರಕೀಯರ ಮೇಲೆ ಎರಗುವ ಸ್ವಭಾವಕ್ಕೂ ಇದಕ್ಕೂ ನಂಟಿದೆಯೆಂದು ಕಂಡಿದ್ದಾರೆ. ಬಾಯಾರಿದವನು ಜಗಳಗಂಟನಾಗುವ ಗುಟ್ಟು ಸಿಕ್ಕಿತೆಂದು ಇದನ್ನು ಓದಿದಾಗ ನಾನೂ ಹಿಗ್ಗಿದೆ. ಅವಸರದ ಹಿಗ್ಗು ಅದು. ರಕ್ತದಲ್ಲಿರುವ ವಾಸೋಪ್ರೆಸಿನ್ ಮಿದುಳಿನೊಳಕ್ಕೆ ಸುಲಭವಾಗಿ ನುಗ್ಗಲಾರದು, ನಡುವೆ ತಡೆಯುಂಟು. ಇಲ್ಲಿ ಏರಿದ್ದರಿಂದ ಅಲ್ಲಿಯೂ ಏರಿತೆಂದು ಹೇಳಬರುವುದಿಲ್ಲ.

ಅಂತೂ ದೇಹದ ಪಾಲು ಸುಳ್ಳಲ್ಲ. ಒಂದೂವರೆ ದಿನದ ಹಸಿವು, ಬಾಯಾರಿಕೆ, ಮೂರು ರಾತ್ರಿಗಳ ನಿದ್ರೆಯಿಲ್ಲದ ಚಿಂತೆ ಇವು ಕೂಡಿ ನನ್ನ ರಕ್ತವನ್ನು ಸಿದ್ಧಪಡಿಸಿದ್ದವು. ಮೊಕದ್ದಮೆ ಇಲ್ಲಿಗೇ ಮುಗಿಯುವಂತಿದ್ದರೆ ಆಳಿನ ತೀರ್ಪನ್ನು ಎತ್ತಿಹಿಡಿದು ನಾನು ನೆಮ್ಮದಿಯಾಗಿರುತ್ತಿದ್ದೆ.

ಆದರೆ ಒಂದು ಸಾಕ್ಷಿ ಉಳಿದಿದೆ. ಅದನ್ನು ಬಲ್ಲವನು ನಾನೊಬ್ಬನೇ. ಆತ ಬರುವುದಕ್ಕೆ ಅರ್ಧಗಂಟೆ ಮೊದಲು ಪರಿಚಯದ ಅಧಿಕಾರಿಯೊಬ್ಬರು ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಮನೆಗೆ ಬಂದಿದ್ದರು. ಅವರ ಮಾತೂ ನನಗೆ ಹಿತವಾಗಿರಲಿಲ್ಲ. ಆದರೂ ಎದ್ದು ನಿಂತು ಸ್ವಾಗತಿಸಿದೆ, ನಗುನಗುತ್ತ ಮಾತನಾಡಿದೆ, ಅಂಗಳದ ತನಕ ಬಂದು ಬೀಳ್ಕೊಟ್ಟೆ. ನನ್ನ ರಕ್ತದಲ್ಲಿ ಆಗಲೂ ಅದೇ ಕಾರ್ಟಿಸಾಲ್ ಇತ್ತು, ಹೊಟ್ಟೆಯಲ್ಲಿ ಅದೇ ಹಸಿವು. ಅರ್ಧಗಂಟೆಯಲ್ಲಿ ನಿರ್ನಾಳ ಗ್ರಂಥಿಗಳು ಇಷ್ಟೊಂದು ಬದಲಾಗಲಿಲ್ಲ. ಎದುರಿಗಿದ್ದ ಮನುಷ್ಯ ಬದಲಾದ. ನೀರಿನಂತೆ ನನ್ನ ಕೋಪಕ್ಕೂ ಇಳಿಜಾರು ಯಾವ ಕಡೆಗಿದೆಯೆಂದು ಚೆನ್ನಾಗಿ ತಿಳಿದಿತ್ತು. ಹಾರ್ಮೋನು ಮಡಿಯನ್ನು ತುಂಬಿಸಿರಬಹುದು. ತೂಬನ್ನು ಯಾರ ಕಡೆಗೆ ತೆರೆಯಬೇಕೆಂದು ಆರಿಸಿದ್ದು ಹಾರ್ಮೋನಲ್ಲ. ಆ ಆಯ್ಕೆಗೆ ನಮ್ಮಲ್ಲಿ ಮಾನಕಷಾಯವೆಂಬ ಹೆಸರು ಮೊದಲಿನಿಂದಲೂ ಇದೆ.

ಇಲ್ಲಿ ತತ್ತ್ವದ ಒಂದು ಮಾತು ಅವಶ್ಯ. ಈಚೆಗೆ ಕೆಲವು ಉಪನ್ಯಾಸಕರು ವಿಜ್ಞಾನಿಗಳು ಕಡೆಗೂ ಕರ್ಮವನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿದಿದ್ದಾರೆ, ಹಾರ್ಮೋನೇ ಮೋಹನೀಯ ಕರ್ಮ ಎಂದು ಹೇಳುವುದನ್ನು ಕೇಳಿದ್ದೇನೆ. ಇದರಿಂದ ಶಾಸ್ತ್ರಕ್ಕೂ ಉಪಕಾರವಿಲ್ಲ, ವಿಜ್ಞಾನಕ್ಕೂ ಉಪಕಾರವಿಲ್ಲ. ಕರ್ಮವರ್ಗಣೆ ಇಂದ್ರಿಯಗಳಿಗಾಗಲಿ ಉಪಕರಣಗಳಿಗಾಗಲಿ ಸಿಕ್ಕುವಂಥದೆಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ. ಹಾರ್ಮೋನು ಔದಾರಿಕ ಶರೀರದ ಒಂದು ದ್ರವ. ಸೂಜಿಯಿಂದ ತೆಗೆದು ಅಳೆಯಬಹುದಾದುದು. ಅದಕ್ಕೆ ಸ್ಥಾನ ಕೊಡಬೇಕಾದರೆ ನೋಕರ್ಮದಲ್ಲಿ ಕೊಡಬಹುದು. ಶರೀರ, ಮಾತು, ಮನಸ್ಸು, ಉಸಿರು ಇವು ಪುದ್ಗಲದ ಉಪಕಾರಗಳೆಂದು, ಸುಖದುಃಖಗಳಲ್ಲಿಯೂ ಪುದ್ಗಲದ ಕೈಯಿದೆಯೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಹೇಳುತ್ತದೆ. ಹೀಗಿರುವಾಗ ಮನಸ್ಸಿನ ಏರುಪೇರಿಗೆ ದ್ರವ್ಯದ ನಿಮಿತ್ತವಿದೆಯೆಂದು ಕೇಳಿ ನಾವು ಬೆಚ್ಚಬೇಕಾದುದಿಲ್ಲ. ಅದು ನಿಮಿತ್ತವೆಂದರೆ ನಾನು ಕರ್ತನಲ್ಲವೆಂದು ಅರ್ಥವೂ ಅಲ್ಲ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನಿಗಾಗಿ ರಚಿಸಿದ ಗೊಮ್ಮಟಸಾರದಲ್ಲಿ ಕ್ರೋಧದ ನಾಲ್ಕು ತರಗಳಿಗೆ ನಾಲ್ಕು ಗೆರೆಗಳ ಉಪಮಾನ ಬರುತ್ತದೆ. ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಬಿರುಕು, ಮರಳಿನ ಗೆರೆ, ನೀರಿನ ಗೆರೆ. ಕೊನೆಯದು ಸಂಜ್ವಲನ, ಅದರ ವಾಸನೆ ಅಂತರ್ಮುಹೂರ್ತದಷ್ಟು ಕಾಲ, ಅಂದರೆ ನಲವತ್ತೆಂಟು ನಿಮಿಷಗಳೊಳಗೆ ಅಳಿಯುತ್ತದೆ. ಒಂದು ಸಲದ ಕಾರ್ಟಿಸಾಲ್ ಏರಿ ಇಳಿಯುವುದಕ್ಕೂ ಸುಮಾರು ಒಂದು ಗಂಟೆಯ ಹೊತ್ತು ಹಿಡಿಯುತ್ತದೆ. ಈ ಎರಡನ್ನು ಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸಿಗೆ ಒಂದು ಬಗೆಯ ಆಹ್ಲಾದವಾಗುತ್ತದೆ. ಸಮೀಕರಿಸಿದರೆ ಮಾತ್ರ ನಾನು ಮೇಲೆ ದೂರಿದ ಉಪನ್ಯಾಸಕರ ಸಾಲಿಗೆ ನಾನೇ ಸೇರಿದಂತಾಗುತ್ತದೆ. ನನಗೆ ಉಪಯುಕ್ತವಾಗಿ ಕಂಡುದು ಬೇರೆ. ರಕ್ತದ ಉಬ್ಬರ ಗಂಟೆಯೊಳಗೆ ಇಳಿದ ಮೇಲೂ ಸಂಜೆಯವರೆಗೆ, ರಾತ್ರಿಯವರೆಗೆ ನಾನು ಆತ ಲೆಕ್ಕ ತಪ್ಪಿಸಿಯೇ ಇರಬೇಕೆಂದು ಕಾರಣಗಳನ್ನು ಹೆಣೆಯುತ್ತ ಮಲಗಿದ್ದೆನಲ್ಲ, ಆ ಹೊತ್ತಿನ ಕೋಪಕ್ಕೆ ಯಾವ ಗ್ರಂಥಿಯನ್ನು ಹೊಣೆ ಮಾಡಲಿ?

ಕೋಪದಂತೆಯೇ ಮಮತೆಗೂ ಹಾರ್ಮೋನಿದೆ. ಆಕ್ಸಿಟೋಸಿನ್ ಅದರ ಹೆಸರು. ವಾಸೋಪ್ರೆಸಿನ್‌ಗೆ ಒಡಹುಟ್ಟಿನಂಥದು: ಎರಡರಲ್ಲೂ ಒಂಬತ್ತು ಅಮೈನೋ ಆಮ್ಲಗಳು, ಎರಡು ಮಾತ್ರ ಬೇರೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವುದು, ಮಗು ಬಾಯಿಟ್ಟೊಡನೆ ಹಾಲಿಳಿಸುವುದು ಇದರ ಪ್ರಸಿದ್ಧ ಕೆಲಸಗಳು. ಪ್ರಯೋಗಶಾಲೆಯಲ್ಲಿ ಇದನ್ನು ನಿರ್ಮಿಸಿದ ವಿನ್ಸೆಂಟ್ ಡು ವಿನ್ಯೊಗೆ 1955ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆಮೇಲೆ ಉತ್ತರ ಅಮೆರಿಕದ ಹುಲ್ಲುಗಾವಲಿನ ಒಂದು ಜಾತಿಯ ಇಲಿಗಳಲ್ಲಿ ಗಂಡುಹೆಣ್ಣಿನ ಜೀವಾವಧಿ ಜೊತೆಗೂ ಇದೇ ಕಾರಣವೆಂದರು. 2005ರಲ್ಲಿ ಜ್ಯೂರಿಕ್ ನಗರದ ಪ್ರಯೋಗವೊಂದರಲ್ಲಿ ಮೂಗಿನ ಮೂಲಕ ಇದನ್ನು ಕೊಟ್ಟಾಗ ಜನ ಅಪರಿಚಿತರನ್ನು ಹೆಚ್ಚು ನಂಬಿದರೆಂದು ವರದಿಯಾಯಿತು. ಪತ್ರಿಕೆಗಳು ಪ್ರೇಮದ ಹಾರ್ಮೋನೆಂದು ಹಾಡಿಹೊಗಳಿದವು. ಮುಂದೆ ಜ್ಯೂರಿಕ್‌ನ ಫಲಿತಾಂಶವನ್ನು ಮರಳಿ ಪಡೆಯಲು ಹೊರಟವರಿಗೆ ಅದು ಹಾಗೆಯೇ ಸಿಕ್ಕಲಿಲ್ಲ. 2023ರಲ್ಲಿ, ಆಕ್ಸಿಟೋಸಿನ್ ಗ್ರಹಿಸುವ ಶಕ್ತಿಯನ್ನೇ ಹುಟ್ಟಿನಿಂದ ಕಳೆದುಕೊಂಡ ಆ ಜಾತಿಯ ಇಲಿಗಳೂ ಜೊತೆಗಟ್ಟಿ ಬಾಳಿದ್ದು ಪ್ರಕಟವಾಯಿತು. ಪ್ರೇಮವನ್ನು ಒಂದು ಸೀಸೆಯಲ್ಲಿ ಹಿಡಿಯಲು ಹೊರಟವರಿಗೆ ಇಷ್ಟು ಪಾಠ ಸಾಕಾಗಬೇಕು.

ನನ್ನನ್ನು ಕಾಡಿದ್ದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಕಾರ್ಸ್ಟೆನ್ ಡಿ ಡ್ರೂ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸಂಗತಿ. ಆಕ್ಸಿಟೋಸಿನ್ ಪಡೆದವರು ತಮ್ಮ ಗುಂಪಿನವರಿಗಾಗಿ ಹೆಚ್ಚು ತ್ಯಾಗ ಮಾಡಿದರು. ಹೊರಗಿನ ಗುಂಪಿನ ಮೇಲೆ ಆ ಔದಾರ್ಯ ಹರಿಯಲಿಲ್ಲ, ಬೆದರಿಕೆ ಕಂಡಾಗ ತಮ್ಮವರ ರಕ್ಷಣೆಗಾಗಿ ಅವರ ಮೇಲೆಯೇ ತಿರುಗಿದರು. ಇಂಥ ಪ್ರಯೋಗಗಳೆಲ್ಲ ಇನ್ನೂ ವಾದದಲ್ಲಿವೆ, ನಿಜ. ಆದರೆ ಮಮತೆಗೆ ಬೇಲಿಯುಂಟು ಎಂಬುದಕ್ಕೆ ನನಗೆ ಪ್ರಯೋಗ ಬೇಕಾಗಿರಲಿಲ್ಲ. ದಶಲಕ್ಷಣ ಪರ್ವ ಮುಗಿದ ಕ್ಷಮಾವಾಣಿಯ ದಿನ ನಾವು ಯಾರಿಗೆ ಕ್ಷಮೆ ಕೇಳುತ್ತೇವೆ? ಹುಬ್ಬಳ್ಳಿಯ ಬೀಗರಿಗೆ, ಬೆಳಗಾವಿಯ ಭಾವನಿಗೆ, ವರ್ಷವಿಡೀ ಭೇಟಿಯನ್ನೇ ಮಾಡದ ಸಮಾಜಬಾಂಧವರಿಗೆ. ಮೊದಲು ಕಾರ್ಡು ಬರೆಯುತ್ತಿದ್ದೆವು. ಈಗ ಮೊಬೈಲಿನಲ್ಲಿ ಒಂದೇ ಸಂದೇಶ ಇನ್ನೂರು ಜನರಿಗೆ ಹೋಗುತ್ತದೆ. ಅವರಲ್ಲಿ ನಾವು ನಿಜವಾಗಿ ನೋಯಿಸಿದವರು ಎಷ್ಟು ಜನ? ನಮ್ಮ ಮುಸುರೆ ತಿಕ್ಕುವವಳ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. ತಮ್ಮವರ ಮೇಲಿನ ವಾತ್ಸಲ್ಯ ದೇಹವೇ ಸಹಜವಾಗಿ ಮಾಡಿಸುವ ಕೆಲಸ. ಅದಕ್ಕಾಗಿ ವ್ರತ ತೊಡಬೇಕಾಗಿಲ್ಲ.

ಈವರೆಗೆ ಹಾರ್ಮೋನು ನಡತೆಯನ್ನು ಹೇಗೆ ರೂಪಿಸುತ್ತದೆಂದು ಹೇಳಿದೆ. ದಾರಿ ಎರಡೂ ಕಡೆಗಿದೆ. ನಡತೆಯೂ ಹಾರ್ಮೋನನ್ನು ರೂಪಿಸುತ್ತದೆ, ತನ್ನದನ್ನಷ್ಟೇ ಅಲ್ಲ, ಎದುರಿನವನದನ್ನೂ. ರಾಬರ್ಟ್ ಸಪೋಲ್‌ಸ್ಕಿ ಎಂಬ ವಿಜ್ಞಾನಿ ಕೀನ್ಯಾ ದೇಶದಲ್ಲಿ ಬಬೂನ್ ಜಾತಿಯ ಕೋತಿಗಳ ನಡುವೆ ವರ್ಷಾನುಗಟ್ಟಲೆ ಕುಳಿತು ಅಧ್ಯಯನ ಮಾಡಿದವನು. ಗುಂಪಿನಲ್ಲಿ ಸೋತ ಗಂಡು ತನಗಿಂತ ಕೆಳಗಿನವನನ್ನು ಕಚ್ಚುತ್ತದೆ, ಅದು ತನಗಿಂತ ಕೆಳಗಿನದನ್ನು. ಕೊಟ್ಟಕೊನೆಯವುಗಳ ರಕ್ತದಲ್ಲಿ ಕಾರ್ಟಿಸಾಲ್ ಸದಾ ಏರಿಯೇ ಇರುವುದನ್ನು ಆತ ಕಂಡ. 1980ರ ದಶಕದಲ್ಲಿ ಒಂದು ಗುಂಪಿನ ಅತಿ ಜಗಳಗಂಟ ಗಂಡುಗಳು ಪ್ರವಾಸಿಗರ ವಸತಿಯ ಕಸದ ಗುಂಡಿಗಾಗಿ ಕಾದಾಡಿ, ಅಲ್ಲಿನ ಕ್ಷಯದ ಸೋಂಕು ತಗುಲಿ ಸತ್ತವು. ಉಳಿದುದು ಸೌಮ್ಯ ಗಂಡುಗಳೂ ಹೆಣ್ಣುಗಳೂ. ಆಮೇಲಿನ ವರ್ಷಗಳಲ್ಲಿ ಹೊರಗಿನಿಂದ ಬಂದು ಸೇರಿದ ಹೊಸ ಗಂಡುಗಳೂ ಆ ಗುಂಪಿನ ಸೌಮ್ಯ ರೀತಿಯನ್ನೇ ಕಲಿತವು. ಕೆಳದರ್ಜೆಯವುಗಳ ದೇಹದಲ್ಲಿ ಬೇರೆಡೆ ಕಾಣುವ ಒತ್ತಡದ ಕುರುಹುಗಳು ಅಲ್ಲಿ ಕಾಣಲಿಲ್ಲ. ಗ್ರಂಥಿಗಳು ಅವೇ. ನೆರ ಬದಲಾಗಿತ್ತು.

ಮನುಷ್ಯರ ವಿಷಯ. 2004ರಲ್ಲಿ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ ಎಂಬ ಇಬ್ಬರು ವಿದುಷಿಯರು, ಬೇರೆಬೇರೆ ಕಡೆ ನಡೆದ 208 ಪ್ರಯೋಗಗಳನ್ನು ಕೂಡಿಸಿ ನೋಡಿ, ಯಾವ ಬಗೆಯ ಕಷ್ಟ ಕಾರ್ಟಿಸಾಲನ್ನು ಎಲ್ಲಕ್ಕಿಂತ ಹೆಚ್ಚು ಏರಿಸುತ್ತದೆಂದು ವಿಚಾರಿಸಿದರು. ಎರಡು ಅಂಶಗಳು ಕೂಡಿದಾಗ: ಇತರರೆದುರಿಗೆ ತನ್ನ ಯೋಗ್ಯತೆಯನ್ನು ಅಳೆಯಲಾಗುತ್ತಿದೆ ಎಂಬುದೊಂದು, ಏನು ಮಾಡಿದರೂ ಫಲ ತನ್ನ ಕೈಯಲ್ಲಿಲ್ಲ ಎಂಬುದಿನ್ನೊಂದು. ಇದನ್ನು ಓದಿದಾಗ ಪುಸ್ತಕವನ್ನು ಮಡಿಸಿಟ್ಟೆ. ನನ್ನ ಪಡಸಾಲೆಯಲ್ಲಿ ಅಂದು ನಡೆದದ್ದು ಅಕ್ಷರಶಃ ಇದೇ. ನೆರೆಯವರಿಬ್ಬರ ಎದುರಿನಲ್ಲಿ ಕಳ್ಳನೆನಿಸಿಕೊಂಡ. ಕೂಲಿಯ ಹಣ ಆತನ ಕೈಯಲ್ಲಿರಲಿಲ್ಲ, ಕೇಳುವವರು ಆತನ ಬಾಗಿಲಲ್ಲಿ ಕುಳಿತಿದ್ದರು. ಬಿರುನುಡಿ ಗಾಳಿಯಲ್ಲಿ ಕರಗಿಹೋಗುವ ಶಬ್ದವೆಂದು ತಿಳಿದಿದ್ದೆ. ಅದು ಮತ್ತೊಬ್ಬರ ಮೈಯಲ್ಲಿ ದ್ರವ್ಯವಾಗಿ ಇಳಿಯುತ್ತದೆ, ಎದೆಯ ಬಡಿತವನ್ನು ಏರಿಸುತ್ತದೆ, ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ನೀರು ಸೋಸಿ ಕುಡಿಯುವ, ದೀಪಕ್ಕೆ ಹುಳ ಬೀಳದಂತೆ ನೋಡಿಕೊಳ್ಳುವ ನಾವು ಈ ಹಿಂಸೆಯನ್ನು ಭಾವಹಿಂಸೆಯ ಲೆಕ್ಕದಲ್ಲಿ ಮಾತ್ರ ಬರೆದು ಸುಮ್ಮನಾಗಬಹುದೇ? ದ್ರವ್ಯಹಿಂಸೆಯ ಲೆಕ್ಕಕ್ಕೂ ಸೇರಿಸಬೇಕಲ್ಲವೇ? ವಿದ್ವಾಂಸರು ವಿಚಾರಿಸಬೇಕು.

ಇನ್ನೊಂದನ್ನು ಹೇಳಬೇಕು. ಆತನೂ ಅಂದು ಉಪವಾಸಿಯೇ ಆಗಿದ್ದ. ನನ್ನ ಹಸಿವಿಗೆ ಪ್ರತ್ಯಾಖ್ಯಾನವಿತ್ತು, ನಾಳೆ ಇಷ್ಟು ಹೊತ್ತಿಗೆ ಪಾರಣೆಯೆಂಬ ನಿಶ್ಚಯವಿತ್ತು, ಮನೆಮಂದಿಯ ಗೌರವವಿತ್ತು. ಆತನ ಹಸಿವಿಗೆ ಹೆಸರಿರಲಿಲ್ಲ. ಫಲ ತನ್ನ ಕೈಯಲ್ಲಿದೆಯೆಂಬ ನಂಬಿಕೆ ಒತ್ತಡವನ್ನು ಕುಗ್ಗಿಸುತ್ತದೆಂಬುದು ನಿಜವಾದರೆ, ತಾನಾಗಿ ಆರಿಸಿಕೊಂಡ ಹಸಿವು ಸುಲಭದ ಹಸಿವು. ಸುಲಭದ್ದನ್ನು ಹೊತ್ತವನು ಕಿರುಚಿದ, ಕಷ್ಟದ್ದನ್ನು ಹೊತ್ತವನು ತಾಳಿಕೊಂಡ. ಕ್ಷುಧಾ ಪರೀಷಹವನ್ನು ಗೆದ್ದವರು ಯಾರೆಂದು ಪತ್ರಿಕೆಯಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ದೇಹವನ್ನು ಅಭ್ಯಾಸದಿಂದ ತಿದ್ದಬಹುದೇ? ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಖಿನ್ನತೆಯ ರೋಗಿಗಳಲ್ಲಿ ಯೋಗಾಭ್ಯಾಸದಿಂದ ಕಾರ್ಟಿಸಾಲ್ ಇಳಿದುದನ್ನೂ, ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಒಂದು ತಿಂಗಳ ಯೋಗದ ಅನಂತರ ರಕ್ತದ ಆಕ್ಸಿಟೋಸಿನ್ ಏರಿ, ಎದುರಿನವರ ಮುಖಭಾವವನ್ನು ಗುರುತಿಸುವ ಶಕ್ತಿ ಸುಧಾರಿಸಿದುದನ್ನೂ ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಎರಡನೆಯ ಅಧ್ಯಯನದಲ್ಲಿ ಕೊನೆಯವರೆಗೆ ಉಳಿದವರು ಮೂವತ್ತಕ್ಕಿಂತ ಕಡಿಮೆ. ಆದ್ದರಿಂದ ದೊಡ್ಡ ಮಾತು ಬೇಡ. ಅವರು ರೋಗಿಗಳು, ಔಷಧಿಯೂ ನಡೆದಿತ್ತು. ಇದನ್ನು ಹಿಡಿದು ಸಾಮಾಯಿಕದಿಂದ ಇಂತಿಷ್ಟು ಹಾರ್ಮೋನು ಇಳಿಯುತ್ತದೆಂದು ನಾನು ಹೇಳುವುದಿಲ್ಲ, ಹೇಳುವವರನ್ನು ನಂಬಬೇಡಿರೆಂದು ಬೇಡುತ್ತೇನೆ. ಮುಖವನ್ನು ಗುರುತಿಸುವ ಶಕ್ತಿ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ನಿಂತಿದೆ. ಅಂದು ನಾನು ಆತನ ಮುಖವನ್ನು ನೋಡಿರಲಿಲ್ಲ. ನೋಡಿದ್ದರೆ ಹಸಿವು ಕಾಣುತ್ತಿತ್ತು.

ಔಷಧಿಗಿಂತ ಹತ್ತಿರದ ಉಪಾಯವೊಂದು ನಮ್ಮ ಕಪಾಟಿನಲ್ಲೇ ಇತ್ತು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡಬೇಕಾದವುಗಳನ್ನು ಹೇಳುವಾಗ ಪಂಚಪಾಪಗಳು, ಅಲಂಕಾರ, ಗಂಧಪುಷ್ಪಗಳ ಜೊತೆಗೆ ಆರಂಭವನ್ನೂ ಸೇರಿಸಿದ್ದಾರೆ. ಆರಂಭವೆಂದರೆ ವ್ಯಾಪಾರ ವ್ಯವಸಾಯಗಳ ಉದ್ಯೋಗ. ನಾನು ಹೂ ಮುಡಿಯುವವನಲ್ಲ, ಅತ್ತರು ಹಚ್ಚುವವನಲ್ಲ; ಆ ಶ್ಲೋಕವನ್ನು ಪೂರ್ತಿ ಪಾಲಿಸುತ್ತಿದ್ದೇನೆಂದೇ ತಿಳಿದಿದ್ದೆ. ಜಲಾಶಯದ ಲೆಕ್ಕ, ನಾಟಿಯ ಲೆಕ್ಕ, ಕೂಲಿಯ ಲೆಕ್ಕಗಳನ್ನು ತಲೆಯಲ್ಲಿ ತುಂಬಿಕೊಂಡು, ಮೊಬೈಲಿನಲ್ಲಿ ಗೇಟಿನ ಸುದ್ದಿ ನೋಡುತ್ತ ಕುಳಿತವನ ಉಪವಾಸ ಹೊಟ್ಟೆಗೆ ಮಾತ್ರ ಸೇರಿದ್ದು. ಆಚಾರ್ಯರಿಗೆ ಕಾರ್ಟಿಸಾಲ್ ತಿಳಿದಿತ್ತೆಂದು ನಾನು ಹೇಳುವುದಿಲ್ಲ. ಹಸಿದವನ ಕೈಗೆ ತಕ್ಕಡಿ ಕೊಡಬಾರದೆಂದು ಅವರಿಗೆ ತಿಳಿದಿತ್ತು. ಈಗ ನಮ್ಮಲ್ಲಿ ಸಪ್ತಮಿ ತ್ರಯೋದಶಿಗಳ ಸಂಜೆಯೇ ಕೂಲಿಯ ಲೆಕ್ಕ ಮುಗಿಯುತ್ತದೆ.

ಪಾರಣೆಯಾದ ದಿನ ಆತ ಹೇಳಿದಂತೆಯೇ ಬಂದ, ಹಣ ಕೊಟ್ಟೆ. ಹೆಣ್ಣಾಳುಗಳ ಸಂಖ್ಯೆ ಹನ್ನೊಂದು ಎಂದು ನನ್ನ ಡೈರಿಯಲ್ಲೇ ಇತ್ತು. ಆದರೆ ಕ್ಷಮೆಯ ಮಾತು ಬಾಯಿಗೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಕ್ಷಮಾವಾಣಿಯ ದಿನ ಮೊಬೈಲನ್ನು ಒಳಗಿಟ್ಟು ಆತನ ಮನೆಗೆ ನಡೆದುಹೋದೆ. ಅಂದು ಪಡಸಾಲೆಯಲ್ಲಿದ್ದ ನೆರೆಯವರಿಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಆತ ಗಾಬರಿಯಾಗಿ ಕುರ್ಚಿ ತರಿಸಿದ. ನಾನು ಹೇಳಬೇಕಾದುದನ್ನು ಹೇಳಿದೆ. ಆತ ನೆಲ ನೋಡುತ್ತ ಏನೇನೋ ಬೇರೆ ಮಾತು ತೆಗೆದ, ಕೊನೆಯ ಮಡಿಗೆ ನೀರು ಏರುತ್ತಿಲ್ಲವೆಂದ. ಅಷ್ಟರಲ್ಲಿ ಆತನ ಹೆಂಡತಿ ಬಟ್ಟೆಯಲ್ಲಿ ನೀರು ಸೋಸಿ, ಚಹಾ ಕಾಸಿ ತಂದಳು. ನಾನು ಕೈಚಾಚುವಷ್ಟರಲ್ಲಿ ಆತನೇ ಪಡುವಣ ಕಡೆಗೆ ನೋಡಿ ತಡೆದ.

"ಹೊತ್ತು ಮುಳುಗ್ಯಾದ್ರಿ ಮಾಸ್ತರ್ರೀ, ನೀವು ಕುಡಿಯಂಗಿಲ್ಲ. ನಾಳಿ ಮುಂಜಾನಿ ಬರ್ರಿ."

ಮರುದಿನ ಬೆಳಿಗ್ಗೆ ಹೋದೆ.